ಹೊರನಾಡ ಕನ್ನಡ ವಿದ್ಯಾರ್ಥಿ ಮತ್ತು ವಿದ್ಯಾರ್ಥಿವೇತನ

ಕನ್ನಡದ 'ವಿದ್ಯಾರ್ಥಿವೇತನ' ಎಂಬ ಶಬ್ದಕ್ಕೆ ಮರಾಠಿಯಲ್ಲಿ 'ಶಿಷ್ಯವೃತ್ತಿ' ಎಂದೂ ಹಿಂದಿಯಲ್ಲಿ 'ಛಾತ್ರವೃತ್ತಿ' ಎಂದೂ ಹೇಳುವುದು ರೂಢಿ. ವೃತ್ತಿ ಎಂದರೆ ಜೀವನೋಪಾಯ; ನಮ್ಮ ಶಾಸನಗಳಲ್ಲಿ ಕಾಣುವ ವೃತ್ತಿ ಬಹುಮಟ್ಟಿಗೆ ಭೂಮಿಯ ರೂಪದ್ದು. ವೇತನವಾದರೋ ದುಡಿಮೆಗೆ ಸಲ್ಲುವ ಪ್ರತಿಫಲ. ಕಲಿಯುವವನು ದುಡಿಯುವವನಲ್ಲ ಎಂಬ ಸಾಮಾನ್ಯ ತಿಳಿವಳಿಕೆಗೆ ಕನ್ನಡದ ಈ ಸಮಾಸ ಹೊಂದುವುದಿಲ್ಲವೆಂದು ಮೇಲುನೋಟಕ್ಕೆ ಅನ್ನಿಸಬಹುದು. ಬಡ ಕುಟುಂಬದ ಕಡೆಯಿಂದ ನೋಡಿದಾಗ ಮಾತ್ರ ಶಬ್ದದ ಔಚಿತ್ಯ ತಿಳಿಯುತ್ತದೆ. ಹದಿನೇಳು ವರ್ಷದ ಮಗನಾಗಲಿ ಮಗಳಾಗಲಿ ಕಾಲೇಜಿಗೆ ಹೋದರೆ ಮನೆಗೆ ಬರಬಹುದಾಗಿದ್ದ ಒಂದು ಕೂಲಿ ತಪ್ಪುತ್ತದೆ. ಶುಲ್ಕವನ್ನು ಮನ್ನಾ ಮಾಡಿದ ಮಾತ್ರಕ್ಕೆ ಆ ನಷ್ಟ ತುಂಬುವುದಿಲ್ಲ. ಶುಲ್ಕ, ಊಟ, ವಸತಿ, ಪುಸ್ತಕ, ತಪ್ಪಿಹೋದ ಕೂಲಿ ಈ ಐದರ ಲೆಕ್ಕ ಹೊಂದಿದಾಗಲೇ ಹಳ್ಳಿಯ ಅಥವಾ ಚಾಳಿನ ವಿದ್ಯಾರ್ಥಿ ವಿಶ್ವವಿದ್ಯಾಲಯದ ಬಾಗಿಲನ್ನು ದಾಟಬಲ್ಲ.

ಹೊರನಾಡ ಕನ್ನಡಿಗರ ವಿಷಯದಲ್ಲಿ ಈ ಐದರ ಜೊತೆಗೆ ಆರನೆಯದೊಂದು ಸೇರುತ್ತದೆ. ಈ ವಿದ್ಯಾರ್ಥಿ ಯಾವ ರಾಜ್ಯದವನು, ಅವನ ಹೊಣೆ ಯಾರದು ಎಂಬ ಪ್ರಶ್ನೆಯೇ ಅದು. ವಿದ್ಯಾರ್ಥಿವೇತನದ ಚರಿತ್ರೆಯನ್ನು ಸ್ಥೂಲವಾಗಿ ಗುರುತಿಸಿ, ಅದರ ಬೆಳಕಿನಲ್ಲಿ ಈ ಪ್ರಶ್ನೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶಾಸನಗಳ ಸಾಕ್ಷ್ಯ

ಪರಸ್ಥಳದ ವಿದ್ಯಾರ್ಥಿಗೆ ನೆಲೆ ಒದಗಿಸುವ ಕಲ್ಪನೆ ಕನ್ನಡನಾಡಿಗೆ ಹೊಸದಲ್ಲ. ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ್ದನ್ನು ಅದು ತಿಳಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರ ವಾಸಕ್ಕೆ 27 ಮನೆಗಳನ್ನು ಬಿಡಲಾಗಿತ್ತು; ಓದಿನ ದೀಪಕ್ಕೆ ಸಹ ಭೂಮಿಯ ಉತ್ಪನ್ನ ಮೀಸಲಾಗಿತ್ತು. ಪಾವಿಟ್ಟಗೆ ಎಂಬ ಮೂಲ ಹೆಸರಿಗೆ ಶಾಲೆಯ ಹೆಸರು ಸೇರಿ 'ಸಾಲೋಟಗಿ' ಆಯಿತೆಂಬುದು ವಿದ್ವಾಂಸರ ಅಭಿಪ್ರಾಯ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಇನ್ನೂ ಖಚಿತವಾದ ಲೆಕ್ಕ ಕೊಡುತ್ತದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದಾಧ್ಯಯನದ 200 ಮಂದಿ, ಶಾಸ್ತ್ರಾಧ್ಯಯನದ 52 ಮಂದಿ ವಿದ್ಯಾರ್ಥಿಗಳಿದ್ದರು. ಉಪಾಧ್ಯಾಯರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗಳೂ ಇದ್ದರು. ಗ್ರಂಥಾಲಯದ ಸಿಬ್ಬಂದಿಗೂ ಜೀವನಾಧಾರ ಕಲ್ಪಿಸಿದ್ದ ವ್ಯವಸ್ಥೆ ಇದು.

ಈ ವ್ಯವಸ್ಥೆಗಳ ಮಿತಿಯನ್ನೂ ಮರೆಯಬಾರದು. ವೇದಶಾಸ್ತ್ರಗಳ ಅಧ್ಯಯನಕ್ಕೆ ಅರ್ಹರೆಂದು ಆ ಕಾಲ ಒಪ್ಪಿದವರಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. ಶಾಲೆಯ ದೀಪಕ್ಕೆ ಎಣ್ಣೆ ಒದಗಿಸಿದ ಭೂಮಿಯನ್ನು ಉತ್ತವರ ಮಕ್ಕಳಿಗೆ ಆ ದೀಪದ ಬೆಳಕು ದಕ್ಕಲಿಲ್ಲ. ನಾನಾ ಜನಪದಗಳ ವಿದ್ಯಾರ್ಥಿಗಳನ್ನು ಒಮ್ಮೆ ಬರಮಾಡಿಕೊಂಡ ಅದೇ ಇಂಡಿ ಸೀಮೆ ಇಂದು ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಕೂಲಿಕಾರರನ್ನು ಕಳುಹಿಸುವ ಸೀಮೆಯಾಗಿರುವುದು ಚರಿತ್ರೆಯ ವೈಪರೀತ್ಯ.

2. ವಾರಾನ್ನದಿಂದ ವಸತಿಗೃಹಕ್ಕೆ

1857ರಲ್ಲಿ ಮುಂಬಯಿ, ಮದರಾಸು, ಕಲಕತ್ತೆಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರದ ವಿದ್ಯಾರ್ಥಿಗೆ ಪದವಿ ಎಂದರೆ ಮುಂಬಯಿ ವಿಶ್ವವಿದ್ಯಾಲಯ. ಮಂಗಳೂರು, ಬಳ್ಳಾರಿಯವನಿಗೆ ಮದರಾಸು. 1918ರ ಬಳಿಕ ಬೀದರ, ಕಲಬುರಗಿ, ರಾಯಚೂರಿನವನಿಗೆ ಉರ್ದು ಮಾಧ್ಯಮದ ಉಸ್ಮಾನಿಯಾ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅಲ್ಲಿಯವರೆಗೆ ಮುಂಬಯಿ ಕರ್ನಾಟಕದ ವಿದ್ಯಾರ್ಥಿಗಳು ಪುಣೆಯ ಡೆಕ್ಕನ್ ಮತ್ತು ಫರ್ಗ್ಯುಸನ್ ಕಾಲೇಜುಗಳಿಗೋ ಮುಂಬಯಿಯ ಎಲ್ಫಿನ್‌ಸ್ಟನ್, ವಿಲ್ಸನ್ ಕಾಲೇಜುಗಳಿಗೋ ಹೋಗಬೇಕಾಗಿತ್ತು. ಕರ್ನಾಟಕ ವಿದ್ಯಾವರ್ಧಕ ಸಂಘವನ್ನು 1890ರಲ್ಲಿ ಸ್ಥಾಪಿಸಿದ ರಾ.ಹ. ದೇಶಪಾಂಡೆಯವರು, ಏಕೀಕರಣದ ಆಲೂರು ವೆಂಕಟರಾಯರು, ಕವಿ ಬೇಂದ್ರೆಯವರು ಹೀಗೆ ಹೊರಗೆ ಹೋಗಿ ಓದಿ ಬಂದವರೇ. ಕನ್ನಡದ ನವೋದಯಕ್ಕೆ ಮರಾಠಿ ನೆಲದ ಕಾಲೇಜುಗಳ ಋಣವಿದೆ ಎಂಬುದು ಅತಿಶಯೋಕ್ತಿಯಲ್ಲ.

ಆ ಕಾಲದಲ್ಲಿ ಬಡ ವಿದ್ಯಾರ್ಥಿಯ ಊಟದ ಸಮಸ್ಯೆಯನ್ನು ವಾರಾನ್ನ ಪದ್ಧತಿ ಒಂದು ಮಟ್ಟಿಗೆ ಪರಿಹರಿಸಿತ್ತು. ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುವ ಈ ಏರ್ಪಾಡು ಒಳಪಂಕ್ತಿಯಲ್ಲಿ ಕೂರಬಲ್ಲ ಜಾತಿಯ ಹುಡುಗನಿಗೆ ಮಾತ್ರ ಅನುಕೂಲವಾಗಿತ್ತು. ಉಳಿದ ಸಮುದಾಯಗಳಿಗೆ ಬೇರೆಯೇ ಆದ ವ್ಯವಸ್ಥೆ ಅನಿವಾರ್ಯವಾಯಿತು. ಉಚಿತ ಪ್ರಸಾದ ನಿಲಯಗಳು ಮತ್ತು ಸಮುದಾಯದ ವಸತಿಗೃಹಗಳು ಹುಟ್ಟಿಕೊಂಡದ್ದು ಈ ಹಿನ್ನೆಲೆಯಲ್ಲಿ.

ಈ ದಿಸೆಯಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರ ಕಾರ್ಯ ಮಾರ್ಗದರ್ಶಕವಾದುದು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ವಸತಿಗೃಹದಿಂದ ಆರಂಭಿಸಿ, ಮುಂದಿನ ವರ್ಷಗಳಲ್ಲಿ ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳಿಗೂ ವಸತಿಗೃಹಗಳು ಏರ್ಪಡುವಂತೆ ಅವರು ನೋಡಿಕೊಂಡರು. 1902ರ ಜುಲೈ 26ರಂದು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50ರಷ್ಟು ಸ್ಥಾನಗಳನ್ನು ಮೀಸಲಿಡುವ ಆಜ್ಞೆ ಹೊರಡಿಸಿದರು. ಓದಿದವನಿಗೆ ನೌಕರಿಯ ದಾರಿ ತೆರೆಯದಿದ್ದರೆ ವಸತಿಗೃಹ ತುಂಬುವುದಿಲ್ಲ ಎಂಬ ಅರಿವು ಈ ಎರಡು ಕ್ರಮಗಳ ನಡುವಿನ ಕೊಂಡಿ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕನ್ನಡವನ್ನೂ ಆ.ನೇ. ಉಪಾಧ್ಯೆಯವರು ಪ್ರಾಕೃತವನ್ನೂ ಬೋಧಿಸಿದುದರಿಂದ ಗಡಿಭಾಗದ ಕನ್ನಡ ವಿದ್ಯಾರ್ಥಿಗಳಿಗೆ ಅದು ಸಹಜವಾದ ವಿದ್ಯಾಕೇಂದ್ರವಾಗಿತ್ತು.

ಕನ್ನಡನಾಡಿನೊಳಗೆ ಶಿರಸಂಗಿ ಲಿಂಗರಾಜ ದೇಸಾಯಿಯವರ (1861–1906) ದತ್ತಿ ಇದೇ ಮಾದರಿಯದು. 1904ರಲ್ಲಿ ಧಾರವಾಡದಲ್ಲಿ ನಡೆದ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೃತ್ಯುಪತ್ರದ ಮೂಲಕ ಅವರು ಮೀಸಲಿಟ್ಟರು. ಬೆಳಗಾವಿಯಲ್ಲಿ 1916ರಲ್ಲಿ ಸ್ಥಾಪನೆಯಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಅವರ ಹೆಸರನ್ನೇ ಇಟ್ಟಿತು.

ಸಮುದಾಯದ ದತ್ತಿ ಆ ಸಮುದಾಯದ ಎಲ್ಲೆಯನ್ನು ದಾಟುವುದು ವಿರಳ. ಹಣವಂತರಿಲ್ಲದ ಸಮುದಾಯಕ್ಕೆ ದತ್ತಿಯೂ ಇಲ್ಲ. ಸರ್ಕಾರದ ಹೊಣೆ ಎಂಬ ಕಲ್ಪನೆ ಮೂಡಿದ್ದು ಈ ಕೊರತೆಯಿಂದ.

3. ಅನುಗ್ರಹದಿಂದ ಹಕ್ಕಿಗೆ

ಒಬ್ಬ ರಾಜನ ಔದಾರ್ಯದಿಂದ ಏನಾಗಬಲ್ಲದು, ಏನಾಗಲಾರದು ಎಂಬುದಕ್ಕೆ ಡಾ. ಬಿ.ಆರ್. ಅಂಬೇಡ್ಕರರ ವಿದ್ಯಾಭ್ಯಾಸವೇ ಉತ್ತಮ ನಿದರ್ಶನ. 1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ಮೂರು ವರ್ಷಗಳ ಅವಧಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವಿದ್ಯಾರ್ಥಿವೇತನ ನೀಡಿದರು. ಅದರ ಬಲದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ತೆರಳಿ ಆರಂಭಿಸಿದ ಅಧ್ಯಯನವನ್ನು, ವೇತನದ ಅವಧಿ ಮುಗಿದುದರಿಂದ, 1917ರಲ್ಲಿ ನಡುವೆಯೇ ನಿಲ್ಲಿಸಿ ಹಿಂದಿರುಗಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕತ್ವದಲ್ಲಿ ಉಳಿಸಿದ ಹಣ, ಶಾಹೂ ಮಹಾರಾಜರ ನೆರವು, ಮಿತ್ರರ ಸಾಲ ಇವೆಲ್ಲ ಕೂಡಿದ ಬಳಿಕವೇ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಅಧ್ಯಯನ ಪೂರೈಸಿದರು. ಅಸಾಧಾರಣ ಪ್ರತಿಭೆಯೂ ವೇತನ ನಿಂತ ದಿನ ನಿಲ್ಲಬೇಕಾಗುತ್ತದೆ.

ಮುಂದೆ ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದಾಗ ಅಂಬೇಡ್ಕರರು ಈ ಅನುಭವವನ್ನು ನೀತಿಯಾಗಿ ರೂಪಿಸಲು ಶ್ರಮಿಸಿದರು. 1944ರಲ್ಲಿ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಆರಂಭವಾಯಿತು. ವರ್ಷಕ್ಕೆ ಮೂರು ಲಕ್ಷ ರೂಪಾಯಿ ಅದಕ್ಕೆ ಮಂಜೂರಾಗಿತ್ತು. ಸ್ವಾತಂತ್ರ್ಯಾನಂತರ ಪರಿಶಿಷ್ಟ ಪಂಗಡಗಳಿಗೂ ಅದು ವಿಸ್ತರಿಸಿತು. ಯೋಜನೆಯ ರೂಪ ಹಲವು ಸಲ ಬದಲಾಗಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ಐದು ವರ್ಷಗಳ ಅವಧಿಗೆ 59,048 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿ, ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂಬ ಅನುಪಾತವನ್ನು ಗೊತ್ತುಪಡಿಸಿತು. ಹಣ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಸಲ್ಲಬೇಕೆಂಬುದು ಈ ಪರಿಷ್ಕರಣದ ಒಂದು ಮುಖ್ಯ ಅಂಶ. ಕರ್ನಾಟಕ ಸರ್ಕಾರವು 2013–14ರಲ್ಲಿ ತಂದ 'ವಿದ್ಯಾಸಿರಿ' ಯೋಜನೆಯಲ್ಲಿ ವಸತಿಗೃಹ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ಊಟ-ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೀಡುವ ಏರ್ಪಾಡಾಯಿತು. ವಾರಾನ್ನದ ಏಳು ಮನೆಗಳ ಸ್ಥಾನದಲ್ಲಿ ಸರ್ಕಾರ ನಿಂತ ಬಗೆ ಇದು.

4. ಮುಂಬಯಿಯ ದಾರಿ: ದುಡಿಮೆಯೊಡನೆ ಓದು

ಹೊರನಾಡಿನ ಕನ್ನಡಿಗರು ಸರ್ಕಾರದ ನೆರವಿಗೆ ಕಾಯುತ್ತ ಕೂರಲಿಲ್ಲ. ಮುಂಬಯಿಯಲ್ಲಿ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್ ಹೀಗೆ ಒಂದಾದ ಮೇಲೊಂದು ಸಂಸ್ಥೆ ತಲೆಯೆತ್ತಿತು. ಊರಿನವರನ್ನು ಒಂದುಗೂಡಿಸುವುದರ ಜೊತೆಗೆ ಮಕ್ಕಳ ಓದಿಗೆ ನೆರವಾಗುವುದೂ ಇಂಥ ಸಂಸ್ಥೆಗಳ ಮುಖ್ಯ ಕಾರ್ಯವಾಯಿತು. ದಕ್ಷಿಣ ಕನ್ನಡದಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ರಾತ್ರಿ ಶಾಲೆಗಳು ನಡೆದವು. ಹಗಲು ಮೇಜು ಒರೆಸಿ, ರಾತ್ರಿ ಪಾಠ ಕೇಳಿ, ಮೆಟ್ರಿಕ್ ಮುಗಿಸಿ ಗುಮಾಸ್ತರಾದವರು, ವಕೀಲರಾದವರು, ಪ್ರಾಧ್ಯಾಪಕರಾದವರು ಮುಂಬಯಿ ಕನ್ನಡಿಗರಲ್ಲಿ ಅನೇಕರು. 1946ರಲ್ಲಿ ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ ತೆರೆದ ಸಿದ್ಧಾರ್ಥ ಕಾಲೇಜು ಬೆಳಗಿನ ತರಗತಿಗಳನ್ನು ನಡೆಸಿ, ನೌಕರಿಯಲ್ಲಿದ್ದವರಿಗೂ ಪದವಿಯ ದಾರಿ ತೆರೆಯಿತು.

ರಾತ್ರಿ ಶಾಲೆಯ ವಿಶೇಷ ಇಷ್ಟು: ಅಲ್ಲಿ ವಿದ್ಯಾರ್ಥಿಯ ವೇತನ ಅವನ ದುಡಿಮೆಯಿಂದಲೇ ಬಂತು, ಸಂಘ ಒದಗಿಸಿದ್ದು ಸಮಯಕ್ಕೆ ಹೊಂದುವ ಪಾಠ. ಆದರೆ ಈ ದಾರಿ ಬಹುಮಟ್ಟಿಗೆ ಗಂಡುಮಕ್ಕಳ ದಾರಿ. ರಾತ್ರಿ ಹತ್ತಕ್ಕೆ ಶಾಲೆಯಿಂದ ಮರಳುವ ಸ್ವಾತಂತ್ರ್ಯ ಹೆಣ್ಣುಮಕ್ಕಳಿಗೆ ಇರಲಿಲ್ಲ. ವೈದ್ಯಕೀಯ, ತಾಂತ್ರಿಕ ಶಿಕ್ಷಣಕ್ಕೂ ರಾತ್ರಿಯ ಓದು ಸಾಲದು. ಅಲ್ಲಿಗೆ ಸರ್ಕಾರದ ಬಾಗಿಲು ತಟ್ಟಲೇಬೇಕು. ತಟ್ಟಿದಾಗ ಎದುರಾಗುವುದು ಪಟ್ಟಿಯ ಪ್ರಶ್ನೆ.

5. ಪಟ್ಟಿ ಮತ್ತು ಗಡಿ

ಸಂವಿಧಾನದ 341 ಮತ್ತು 342ನೆಯ ವಿಧಿಗಳಂತೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ಆಯಾ ರಾಜ್ಯಕ್ಕೆ 'ಸಂಬಂಧಿಸಿದಂತೆ' ಪ್ರಕಟವಾಗುತ್ತದೆ. ಹಿಂದುಳಿದ ವರ್ಗಗಳ ಪಟ್ಟಿಯೂ ರಾಜ್ಯವಾರಾದುದು. ಇದರ ಪರಿಣಾಮವನ್ನು ಲಂಬಾಣಿ ಸಮುದಾಯದ ಉದಾಹರಣೆಯಿಂದ ಸ್ಪಷ್ಟವಾಗಿ ತಿಳಿಯಬಹುದು. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ತೆಲಂಗಾಣ ಮತ್ತು ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ಬಂಜಾರರೆಂಬ ಹೆಸರಿನಲ್ಲಿ ವಿಮುಕ್ತ ಜಾತಿ. ಭಾಷೆ, ಕುಲ, ದೈವ ಎಲ್ಲವೂ ಒಂದೇ ಆಗಿದ್ದು ಕಾನೂನಿನ ಕಣ್ಣಿಗೆ ಮೂರು. ಕರ್ನಾಟಕದಲ್ಲಿ ನಾಯಕ ಸಮುದಾಯದೊಡನೆ ಪರಿಶಿಷ್ಟ ಪಂಗಡಕ್ಕೆ ಸೇರಿದ ಬೇಡರು ಮಹಾರಾಷ್ಟ್ರದಲ್ಲಿ 'ಬೇರಡ' ಎಂಬ ಹೆಸರಿನಿಂದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ.

ವಲಸೆ ಬಂದವನು ತನ್ನ ಮೂಲ ರಾಜ್ಯದ ಸ್ಥಾನಮಾನವನ್ನು ಹೊಸ ರಾಜ್ಯಕ್ಕೆ ಕೊಂಡೊಯ್ಯಬಲ್ಲನೆ? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶದ ವಿಷಯದಲ್ಲಿಯೇ. ಆಂಧ್ರದ ಪರಿಶಿಷ್ಟ ಪಂಗಡವೊಂದಕ್ಕೆ ಸೇರಿದ ತಂದೆ ನೌಕರಿಗಾಗಿ ಮುಂಬಯಿಗೆ ಬಂದಿದ್ದರು. ಬಾಲ್ಯದಲ್ಲೇ ಅವರೊಡನೆ ಬಂದ ಮಗ ಅಲ್ಲಿಯೇ ಬೆಳೆದು ಮೀಸಲು ಸ್ಥಾನ ಕೇಳಿದ್ದನು. 1990ರ ಮೇ 2ರಂದು ಸಂವಿಧಾನ ಪೀಠವು, ಒಂದು ರಾಜ್ಯಕ್ಕೆ ಸಂಬಂಧಿಸಿದ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ತಾನಾಗಿ ವರ್ಗವಾಗದು ಎಂದು ತೀರ್ಪಿತ್ತಿತು. ಒಂದು ಸಮುದಾಯದ ಹಿಂದುಳಿದಿರುವಿಕೆ ಆಯಾ ಪ್ರದೇಶದ ಸಾಮಾಜಿಕ ಪರಿಸ್ಥಿತಿಯನ್ನು ಅವಲಂಬಿಸಿದೆ ಎಂಬುದು ಅದರ ತರ್ಕ. ಅದೇ ವೇಳೆಗೆ, ಇಂಥವರ ಹಿತದೃಷ್ಟಿಯಿಂದ ಸೂಕ್ತ ಶಾಸನವನ್ನು ಸಂಸತ್ತು ಪರಿಶೀಲಿಸಬಹುದೆಂದೂ ಪೀಠ ಸೂಚಿಸಿತು. 1994ರಲ್ಲಿ ಮತ್ತು 2018ರಲ್ಲಿ ಸಂವಿಧಾನ ಪೀಠಗಳು ಈ ತತ್ತ್ವವನ್ನೇ ಎತ್ತಿಹಿಡಿದವು. ದೆಹಲಿಯ ಕೇಂದ್ರಾಧೀನ ಸೇವೆಗಳ ಮಟ್ಟಿಗೆ ಮಾತ್ರ 2018ರ ತೀರ್ಪು ಅಖಿಲ ಭಾರತ ಮಟ್ಟದ ಮೀಸಲಾತಿಯನ್ನು ಒಪ್ಪಿತು.

ಹೆಸರಿನ ತೊಡಕು ಇನ್ನೊಂದು ಬಗೆಯದು. ಮೈಸೂರು ರಾಜ್ಯದ ಪಟ್ಟಿಯಲ್ಲಿ 'ಭೋವಿ' ಎಂದಿತ್ತು, ವಡ್ಡರೆಂಬ ಹೆಸರಿರಲಿಲ್ಲ. ಮೈಸೂರು ಸರ್ಕಾರ 1946ರಲ್ಲಿ ವಡ್ಡರ ಎಂಬುದನ್ನು ಭೋವಿ ಎಂದು ಬದಲಾಯಿಸಿತ್ತು. ಮೀಸಲು ಕ್ಷೇತ್ರದ ಚುನಾವಣಾ ವಿವಾದವೊಂದರಲ್ಲಿ 1964ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಹಿನ್ನೆಲೆಯ ಸಾಕ್ಷ್ಯವನ್ನು ಪರಿಶೀಲಿಸಿ, ಭೋವಿ ಎಂದರೆ ವಡ್ಡರೇ ಎಂದು ಒಪ್ಪಿಕೊಂಡಿತು. ಆದರೆ 2000ದ ಮತ್ತೊಂದು ತೀರ್ಪಿನಲ್ಲಿ ಸಂವಿಧಾನ ಪೀಠವು, ಪಟ್ಟಿಯನ್ನು ಇದ್ದಂತೆಯೇ ಓದಬೇಕು, ಪರ್ಯಾಯನಾಮಗಳನ್ನು ನ್ಯಾಯಾಲಯ ಸೇರಿಸಲಾಗದು ಎಂದು ಖಚಿತಪಡಿಸಿತು. ಕನ್ನಡ ಶಾಲೆಯ ದಾಖಲೆಯಲ್ಲಿ 'ವಡ್ಡರ', ಮರಾಠಿ ಕಚೇರಿಯಲ್ಲಿ 'ವಡಾರ', ಕರ್ನಾಟಕದ ಪ್ರಮಾಣಪತ್ರದಲ್ಲಿ 'ಭೋವಿ' ಎಂದಿದ್ದರೆ ವಿದ್ಯಾರ್ಥಿಯ ಗತಿ ಏನು? ಭಾಷಾಶಾಸ್ತ್ರದ ತರಗತಿಯಲ್ಲಿ ಧ್ವನಿವ್ಯತ್ಯಾಸವೆನಿಸುವುದು ಕಚೇರಿಯ ಮೇಜಿನ ಮೇಲೆ ಅರ್ಜಿ ತಿರಸ್ಕಾರಕ್ಕೆ ಕಾರಣವಾಗಬಲ್ಲದು.

6. ವಿದ್ಯಾರ್ಥಿ ತಿಳಿದಿರಬೇಕಾದುದು

ಈ ಜಟಿಲತೆಯ ನಡುವೆ ಕೆಲವು ಅಂಶಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ದಿನಾಂಕ. ಪರಿಶಿಷ್ಟ ಜಾತಿಗಳಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಗಳಿಗೆ 1950ರ ಸೆಪ್ಟೆಂಬರ್ 6 ನಿರ್ಣಾಯಕ. ಆ ದಿನ ಕುಟುಂಬ ಎಲ್ಲಿ ಕಾಯಂ ವಾಸವಾಗಿತ್ತೋ ಆ ರಾಜ್ಯದ ಪಟ್ಟಿ ಅನ್ವಯಿಸುತ್ತದೆ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ ಮತ್ತು ಅಲೆಮಾರಿ ಬುಡಕಟ್ಟುಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13 ಗೊತ್ತಾದ ದಿನಾಂಕಗಳು. ಎರಡನೆಯದಾಗಿ, ಆ ಬಳಿಕ ವಲಸೆ ಬಂದ ಪರಿಶಿಷ್ಟರಿಗೆ ತಂದೆಯ ಮೂಲ ಪ್ರಮಾಣಪತ್ರದ ಆಧಾರದ ಮೇಲೆ ಈಗಿರುವ ಊರಿನಲ್ಲಿಯೂ ಪ್ರಮಾಣಪತ್ರ ದೊರೆಯಬಹುದು; ಆದರೆ ಅದು ಮೂಲ ರಾಜ್ಯದ ಸ್ಥಾನಮಾನವನ್ನು ತಿಳಿಸುವ ಪತ್ರವೇ ಹೊರತು ಹೊಸ ರಾಜ್ಯದ ಸವಲತ್ತನ್ನು ಕೊಡುವ ಪತ್ರವಲ್ಲ. ಮೂರನೆಯದಾಗಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿ ಓದುವ ರಾಜ್ಯವಲ್ಲ, ಅವನು ಕಾಯಂ ನೆಲೆಸಿದ ರಾಜ್ಯ ನೀಡಬೇಕೆಂಬುದು ನಿಯಮ. ನಾಲ್ಕನೆಯದಾಗಿ, ಕೇಂದ್ರೀಯ ವಿಶ್ವವಿದ್ಯಾಲಯಗಳು ಮತ್ತು ಐಐಟಿಗಳಂಥ ಕೇಂದ್ರ ಸಂಸ್ಥೆಗಳ ಪ್ರವೇಶದಲ್ಲಿ ಯಾವ ರಾಜ್ಯದ ಪಟ್ಟಿಯಲ್ಲಿದ್ದರೂ ಪರಿಶಿಷ್ಟ ವಿದ್ಯಾರ್ಥಿಯ ಹಕ್ಕು ಊನವಾಗದು. ಐದನೆಯದಾಗಿ, ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿವೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು ಮೊದಲಾದ ತಾಲ್ಲೂಕುಗಳು ಗಡಿನಾಡಿನ ವ್ಯಾಪ್ತಿಗೆ ಬರುತ್ತವೆ.

ಇವೆಲ್ಲ ಕಾಗದದ ಮೇಲಿನ ಮಾತು. ಆಚರಣೆಯಲ್ಲಿ ಜಾತಿ ಪ್ರಮಾಣಪತ್ರ ಮೂಲ ಊರಿನ ತಹಸೀಲ್ದಾರರಿಂದ, ಆದಾಯ ಪ್ರಮಾಣಪತ್ರ ಈಗಿರುವ ಊರಿನ ಕಚೇರಿಯಿಂದ, ವಾಸದ ದಾಖಲೆ ಇನ್ನೊಂದೆಡೆಯಿಂದ ಬರಬೇಕು. ದಿನಗೂಲಿಯ ತಂದೆಗೆ ಪುಣೆಯಿಂದ ಸಿಂದಗಿಗೆ ಎರಡು ಸಲ ಹೋಗಿಬರುವುದೆಂದರೆ ಅಷ್ಟು ದಿನಗಳ ಕೂಲಿ ಮತ್ತು ಬಸ್ಸಿನ ಖರ್ಚು. ಅರ್ಜಿಯ ಗಡುವು ಮುಗಿಯುವುದರೊಳಗೆ ಇದು ಕೈಗೂಡದಿದ್ದರೆ ವಿದ್ಯಾರ್ಥಿಗೆ ಎರಡೂ ರಾಜ್ಯಗಳು ಇಲ್ಲವಾಗುತ್ತವೆ. ಹೆಣ್ಣುಮಗಳಾದರೆ ಓದು ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು.

ಸಂಸತ್ತಿನ ಶಾಸನ ಆಗಬೇಕಾದ ಕಾರ್ಯ. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಹೊರನಾಡಿನ ಕನ್ನಡ ಸಂಘಗಳು ಪ್ರತಿಭಾ ಪುರಸ್ಕಾರದ ಜೊತೆಗೆ, ಪ್ರಮಾಣಪತ್ರ ತರಲು ತಗಲುವ ಪ್ರಯಾಣದ ವೆಚ್ಚವನ್ನು ಭರಿಸುವ ಸಣ್ಣ ನಿಧಿಯೊಂದನ್ನು ಇಟ್ಟರೆ, ಅಲ್ಪ ಹಣದಿಂದ ದೊಡ್ಡ ವೇತನವೊಂದು ವಿದ್ಯಾರ್ಥಿಗೆ ದೊರೆಯುವ ದಾರಿಯಾಗುತ್ತದೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಪಾಲಿಗೆ ಬೇರೊಂದು ಕರ್ತವ್ಯವಿದೆ. ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದುಗಳ ಕನ್ನಡ ಶಾಲೆಗಳ ಹಳೆಯ ದಾಖಲೆ ಪುಸ್ತಕಗಳು ಒಂದು ಕುಟುಂಬ ಯಾವ ವರ್ಷ ಎಲ್ಲಿತ್ತು, ತನ್ನನ್ನು ಯಾವ ಹೆಸರಿನಿಂದ ಕರೆದುಕೊಂಡಿತು ಎಂಬುದಕ್ಕೆ ಸಿಗುವ ವಿಶ್ವಾಸಾರ್ಹ ಸಾಕ್ಷ್ಯ. ಕನ್ನಡ ಶಾಲೆಯೊಂದು ಮುಚ್ಚಿದಾಗ ಆ ಪುಸ್ತಕಗಳು ಚದುರಿಹೋದರೆ, ಮೊಮ್ಮಗನ ಕಾಲಕ್ಕೆ ಅಜ್ಜನ ವಾಸವನ್ನು ಸಿದ್ಧಪಡಿಸುವ ಆಧಾರವೇ ಇಲ್ಲವಾಗುತ್ತದೆ. ತಾಳೆಗರಿಯನ್ನೂ ಶಾಸನವನ್ನೂ ಜೋಪಾನ ಮಾಡಿದ ಕನ್ನಡ ವಿದ್ವತ್ತು ಈ ರಿಜಿಸ್ಟರುಗಳನ್ನು ಸಂಗ್ರಹಿಸಿ, ಪ್ರತಿ ತೆಗೆದು, ಸೂಚಿ ಸಿದ್ಧಪಡಿಸುವ ಕೆಲಸವನ್ನು ತನ್ನದೆಂದು ಭಾವಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಉಪಯುಕ್ತವಾದ ವಿಷಯ ದೊರೆಯುವುದು ಕಷ್ಟ.